ಓದುಗರ ಪ್ರಶ್ನೆ: ಆಫೀಸಿನ ಇಂಗ್ಲಿಷ್ ಮತ್ತು ಅದರ ಕಿರಿಕಿರಿ

ಪ್ರಶ್ನೆ: ಸಭೆಗಳಲ್ಲಿ ‘ಸರ್ಕಲ್ ಬ್ಯಾಕ್’ (ಈ ವಿಷಯಕ್ಕೆ ಆಮೇಲೆ ಮರಳೋಣ), ‘ಟಚ್ ಬೇಸ್’ (ಒಮ್ಮೆ ಮಾತಾಡಿಕೊಳ್ಳೋಣ), ‘ಸಿನರ್ಜಿ’ (ಒಟ್ಟಾಗಿ ದುಡಿದಾಗ ಬರುವ ಬಲ), ‘ಬ್ಯಾಂಡ್‌ವಿಡ್ತ್ ಇಲ್ಲ’ ಮುಂತಾದ ಮಾತುಗಳನ್ನು ಕೇಳಿ ಕೇಳಿ ತಲೆ ಚಿಟ್ಟುಹಿಡಿದಿದೆ. ಇದು ನನ್ನ ಅತಿಯಾದ ಮಡಿವಂತಿಕೆಯೇ?

ಉತ್ತರ: ಸ್ವಲ್ಪಮಟ್ಟಿಗೆ ಹೌದು. ‘ಬ್ಯಾಂಡ್‌ವಿಡ್ತ್’ ದೂರಸಂಪರ್ಕ ತಂತ್ರಜ್ಞಾನದಿಂದಲೂ ‘ಟಚ್ ಬೇಸ್’ ಬೇಸ್‌ಬಾಲ್ ಆಟದಿಂದಲೂ ಬಂದವು. ಮೊದಲ ಸಲ ಬಳಸಿದವರ ಬಾಯಲ್ಲಿ ಅವು ಚುರುಕಾಗಿಯೇ ಕೇಳಿಸಿರಬೇಕು, ಈಗ ಬಳಸಿ ಬಳಸಿ ಸವೆದಿವೆ. ‘ನನಗೆ ಪುರುಸೊತ್ತಿಲ್ಲ’ ಎನ್ನುವ ಬದಲು ‘ಬ್ಯಾಂಡ್‌ವಿಡ್ತ್ ಇಲ್ಲ’ ಎಂದವರು ತುಸು ಡೌಲು ತೋರಿಸಿರಬಹುದು, ಆದರೆ ವಿಷಯವನ್ನು ಮುಚ್ಚಿಟ್ಟಿಲ್ಲ.

ಸಿಟ್ಟು ಮಾಡಿಕೊಳ್ಳಬೇಕಾದದ್ದು ಬೇರೆ ಬಗೆಯ ಮಾತಿನ ಮೇಲೆ. ‘ಸಂಸ್ಥೆಯ ರೈಟ್‌ಸೈಜಿಂಗ್ ಪ್ರಕ್ರಿಯೆಯ ಅಂಗವಾಗಿ ಕೆಲವು ಹುದ್ದೆಗಳ ಮೇಲೆ ಪರಿಣಾಮವಾಗಲಿದೆ’ ಎಂಬ ಧಾಟಿಯ ಸುತ್ತೋಲೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಕೆಲಸದಿಂದ ತೆಗೆಯುವವರು ಯಾರು, ತೆಗೆಯಲ್ಪಡುವವರು ಎಷ್ಟು ಮಂದಿ, ಯಾವಾಗ ಎಂಬ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ. ಪರಿಣಾಮವಾಗುವುದು ಕೂಡ ಹುದ್ದೆಯ ಮೇಲೆಯೇ ಹೊರತು ಮನುಷ್ಯರ ಮೇಲಲ್ಲ. ಇದಕ್ಕೆ ಮೊದಲು ಚಾಲ್ತಿಯಲ್ಲಿದ್ದ ‘ಡೌನ್‌ಸೈಜಿಂಗ್’ ಎಂಬುದು 1970ರ ದಶಕದಲ್ಲಿ ಅಮೆರಿಕದ ಕಾರು ತಯಾರಕರು ಕಾರಿನ ಗಾತ್ರವನ್ನು ಕಿರಿದಾಗಿಸುವುದಕ್ಕೆ ಬಳಸುತ್ತಿದ್ದ ಪದ. ಅದು ನೌಕರರ ಮೇಲೆ ಪ್ರಯೋಗವಾಗಿ ಕೆಟ್ಟ ಹೆಸರು ಪಡೆದ ಮೇಲೆ, ಅದೇ ಕೆಲಸಕ್ಕೆ ‘ರೈಟ್‌ಸೈಜಿಂಗ್’ ಎಂಬ ಸಭ್ಯ ವೇಷ ಸಿಕ್ಕಿತು. ಇದಕ್ಕೂ ಹೆಸರು ಕೆಟ್ಟರೆ ಇನ್ನೊಂದು ಬರುತ್ತದೆ.

ಅಧಿಕಾರಸ್ಥರಲ್ಲೂ ಇದರಿಂದ ರೋಸಿಹೋದವರಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರಿ ನಿಗಮವೊಂದರ ಮುಖ್ಯಸ್ಥರಾಗಿದ್ದ ಮೌರಿ ಮ್ಯಾವೆರಿಕ್ ಇಂಥ ಬರವಣಿಗೆಗೆ 1944ರಲ್ಲಿ ‘ಗಾಬಲ್ಡಿಗೂಕ್’ (ಅರ್ಥವಾಗದ ಗೊಜಲು ಮಾತು) ಎಂದು ಹೆಸರಿಟ್ಟರು. ಚುಟುಕಾಗಿ ಬರೆಯಿರಿ, ಹೇಳಬೇಕಾದದ್ದನ್ನು ಹೇಳಿ ಎಂದು ಸಿಬ್ಬಂದಿಗೆ ಆಜ್ಞೆ ಹೊರಡಿಸಿ, ‘ಆಕ್ಟಿವೇಶನ್’, ‘ಇಂಪ್ಲಿಮೆಂಟೇಶನ್’ ಎಂಬ ಪದಗಳನ್ನು ಬಳಸಿದವರಿಗೆ ಗುಂಡಿಕ್ಕಲಾಗುವುದು ಎಂದೂ ಸೇರಿಸಿದರು. (ಗುಂಡು ಗುರಿ ಮುಟ್ಟಿದಂತಿಲ್ಲ, ‘ಇಂಪ್ಲಿಮೆಂಟೇಶನ್’ ಇಂದಿಗೂ ಗಟ್ಟಿಮುಟ್ಟಾಗಿದೆ.) ಅದೇ ದೇಶದಲ್ಲಿ 2010ರಲ್ಲಿ ಬಂದ ಸರಳ ಬರವಣಿಗೆಯ ಕಾಯ್ದೆ, ಜನರಿಗೆ ಅರ್ಥವಾಗುವಂತೆ ಬರೆಯುವ ಹೊಣೆಯನ್ನು ಕೇಂದ್ರ ಸರ್ಕಾರದ ಕಚೇರಿಗಳಿಗೆ ಹೊರಿಸಿತು. ಖಾಸಗಿ ಕಂಪನಿಗಳ ಸುತ್ತೋಲೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ‘ಲಿಟರಲಿ (ಅಕ್ಷರಶಃ) ನಕ್ಕು ನಕ್ಕು ಸತ್ತೆ’ ಎನ್ನುವವರನ್ನು ತಿದ್ದುವುದು ಸರಿಯಲ್ಲವೇ?

ಉತ್ತರ: ಇಲ್ಲಿ ನಿಮ್ಮ ಪರವಾಗಿ ತೀರ್ಪು ಕೊಡಲಾರೆ. ಉತ್ಪ್ರೇಕ್ಷೆಗಾಗಿ ‘ಲಿಟರಲಿ’ ಬಳಸಿದ್ದಕ್ಕೆ ಆಕ್ಸ್‌ಫರ್ಡ್ ನಿಘಂಟು 1769ರಷ್ಟು ಹಳೆಯ ಉದಾಹರಣೆಯನ್ನು ಕೊಡುತ್ತದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು 1909ರಲ್ಲಿಯೇ ಸೇರಿಸಿಕೊಂಡಿದೆ. ಹರಟೆಯಲ್ಲಿ ಬಿಟ್ಟುಬಿಡಿ. ವರದಿಯಲ್ಲೋ ದೂರಿನಲ್ಲೋ ನಿಜವಾಗಿ ನಡೆದದ್ದನ್ನು ಹೇಳುವಾಗ ಮಾತ್ರ ಈ ಪದವನ್ನು ದೂರವಿಡುವುದು ಕ್ಷೇಮ.

ಪ್ರಶ್ನೆ: ಮಗ ಮಾತೆತ್ತಿದರೆ ‘ರಿಜ್’ ಎನ್ನುತ್ತಾನೆ. ಇಂಗ್ಲಿಷ್ ಇಷ್ಟು ಕೆಟ್ಟುಹೋಯಿತೇ?

ಉತ್ತರ: ಇತರರನ್ನು ಸೆಳೆಯುವ ಮೋಡಿ ಎಂಬರ್ಥದ ‘ಕರಿಸ್ಮಾ’ದ ತಲೆ ಮತ್ತು ಬಾಲವನ್ನು ಕತ್ತರಿಸಿ ಮಾಡಿದ್ದೆಂದು ಹೇಳಲಾಗುವ ಈ ‘ರಿಜ್’ ಅನ್ನು ಆಕ್ಸ್‌ಫರ್ಡ್ 2023ರ ವರ್ಷದ ಪದವೆಂದು ಆರಿಸಿತ್ತು. ಪದಗಳ ಬಾಲ ಕತ್ತರಿಸುವ ಇದೇ ಚಾಳಿಯ ಬಗ್ಗೆ ‘ಗಲಿವರ್ಸ್ ಟ್ರಾವೆಲ್ಸ್’ ಬರೆದ ಜೊನಾಥನ್ ಸ್ವಿಫ್ಟ್ 1710ರಲ್ಲಿಯೇ ಗುಡುಗಿದ್ದ, ಮತ್ತು ಅವನು ಖಂಡಿಸಿದ ಪದಗಳಲ್ಲಿ ಲ್ಯಾಟಿನ್ನಿನ ‘ಮೊಬೈಲ್ ವಲ್ಗಸ್’ (ಚಂಚಲ ಜನಸಮೂಹ) ಅನ್ನು ಮೊಟಕುಗೊಳಿಸಿ ಮಾಡಿದ ‘ಮಾಬ್’ (ಗುಂಪು) ಕೂಡ ಒಂದು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ನಂಥವನೂ 1789ರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು, ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಪದಗಳನ್ನು ಕ್ರಿಯಾಪದಗಳಾಗಿ ಬಳಸುವವರ ಮೇಲೆ ದೂರಿದ್ದ. ಇಂದು ಆ ಪ್ರಯೋಗಗಳು ಯಾರ ಕಿವಿಗೂ ಚುಚ್ಚುವುದಿಲ್ಲ. ‘ರಿಜ್’ ಉಳಿದರೆ ನಿಮ್ಮ ಮೊಮ್ಮಕ್ಕಳಿಗೆ ಮಾಮೂಲಿ ಪದವಾಗುತ್ತದೆ. ಹೆಚ್ಚಿನ ಆಡುನುಡಿಗಳಂತೆ ಸತ್ತರೆ, ಮಗನೇ ಅದನ್ನು ನೆನೆದು ನಾಚಿಕೊಳ್ಳುತ್ತಾನೆ.

ಪ್ರಶ್ನೆ: ಮೇಲಧಿಕಾರಿಯೇ ಇಂಥ ಭಾಷೆ ಆಡಿದರೆ ಕೈಕೆಳಗಿನವರು ಏನು ಮಾಡಬೇಕು?

ಉತ್ತರ: ಎದುರಿಗೆ ನಗಬೇಡಿ, ತಿದ್ದಲೂ ಹೋಗಬೇಡಿ. ಸಭೆಯ ನಡಾವಳಿ ಬರೆಯುವ, ಯಾರಿಗೂ ಬೇಡವಾದ ಕೆಲಸವನ್ನು ನೀವೇ ಕೇಳಿ ಪಡೆಯಿರಿ. ‘ಗೋಯಿಂಗ್ ಫಾರ್ವರ್ಡ್, ಕ್ಲೈಂಟ್ ರಿಲೇಶನ್‌ಶಿಪ್ ಅನ್ನು ಲೆವರೇಜ್ ಮಾಡೋಣ’ ಎಂದು ಅವರು ಹೇಳಿದರೆ, ‘ಹಳೆಯ ಗ್ರಾಹಕರಿಗೆ ಸೋಮವಾರದೊಳಗೆ ಫೋನ್ ಮಾಡಿ ಹೊಸ ಯೋಜನೆಯನ್ನು ತಿಳಿಸತಕ್ಕದ್ದು, ಹೊಣೆ:’ ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟು, ಸಹಿಗೆ ಒಯ್ದಾಗ ಅಲ್ಲಿ ಯಾರ ಹೆಸರನ್ನು ಬರೆಯಬೇಕೆಂದು ವಿನಯದಿಂದ ಕೇಳಿ. ಅವರು ಹೆಸರು ಹೇಳಿದರೆ ಆ ಮಾತಿಗೆ ಅರ್ಥವಿತ್ತು ಎಂದಾಯಿತು. ‘ಅಷ್ಟೆಲ್ಲ ಬೇಡ, ಆ ಸಾಲನ್ನೇ ತೆಗೆದುಬಿಡಿ’ ಎಂದರೆ, ತೆಗೆದುಬಿಡಿ.