ಡಿಪೆಷ್ ಮೋಡ್ ರಾಕ್ ಕಡೆ ಹೊರಳಿದ್ದು ಹೇಗೆ?

ಹುಬ್ಬಳ್ಳಿಯ ಗೆಳೆಯರೇ, ಕೀಬೋರ್ಡ್ ಪಾಪ್ ನುಡಿಸುತ್ತಿದ್ದ ಇಂಗ್ಲೆಂಡಿನ ಬ್ಯಾಂಡ್ ಡಿಪೆಷ್ ಮೋಡ್ 1993ರ 'ಸಾಂಗ್ಸ್ ಆಫ್ ಫೇತ್ ಅಂಡ್ ಡಿವೋಷನ್' ಆಲ್ಬಮ್‌ನಲ್ಲಿ ಒಮ್ಮೆಗೇ ರಾಕ್ ಬ್ಯಾಂಡ್ ಆಗಿದ್ದು ಹೇಗೆ, ನಿಮ್ಮ ಕಾಲೇಜ್ ಬ್ಯಾಂಡಿಗೂ ಒಂದು ಗಿಟಾರ್ ಸೇರಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಒಮ್ಮೆಗೇ ಆಗಿದ್ದಲ್ಲ. 1989ರ 'ಪರ್ಸನಲ್ ಜೀಸಸ್' ಕೇಳಿ, ಅಲ್ಲೇ ಗಿಟಾರ್ ಮುಂದೆ ಬಂದು ನಿಂತಿದೆ. ಆಮೇಲೆ ಗಾಯಕ ಡೇವ್ ಗಹನ್ ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದರು. ಅಲ್ಲಿ ಆಗ ಗ್ರಂಜ್, ಅಂದರೆ ಒರಟು ಗಿಟಾರ್ ಸದ್ದಿನ ರಾಕ್‌ನ ಹವಾ. ಉದ್ದ ಕೂದಲು, ಟ್ಯಾಟೂ ಸಮೇತ ಬಂದ ಗಹನ್‌ಗೆ ಬ್ಯಾಂಡಿನ ಸದ್ದೂ ಒರಟಾಗಬೇಕಿತ್ತು.

ಆದರೆ ನನಗೆ ತುಂಬಾ ಇಷ್ಟವಾಗುವುದು ಡ್ರಮ್ಸ್ ಕೆಲಸ. ಬ್ಯಾಂಡಿನ ಸದಸ್ಯ ಅಲನ್ ವೈಲ್ಡರ್ ನಿಜವಾದ ಡ್ರಮ್ ಕಿಟ್ ಬಾರಿಸಿ, ರೆಕಾರ್ಡ್ ಮಾಡಿ, ಅದನ್ನು ತುಂಡು ತುಂಡು ಮಾಡಿ ಮತ್ತೆ ಜೋಡಿಸಿದರು. ಅದಕ್ಕೇ ಅದರಲ್ಲಿ ಕೈಯ ಬಿಸಿಯೂ ಇದೆ, ಮಷೀನಿನ ಬಿಗಿಯೂ ಇದೆ. 'ಐ ಫೀಲ್ ಯೂ' ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ: ಮೊದಲು ಕಿವಿ ಸೀಳುವ ಕಿರುಚು, ಬೆನ್ನಿಗೇ ಗಿಟಾರ್, ಕೆಳಗೆ ತೂಗಾಡುವ ತಾಳ. 'ವಾಕಿಂಗ್ ಇನ್ ಮೈ ಶೂಸ್'ನಲ್ಲಿ ಪಿಯಾನೋವನ್ನೇ ಗಿಟಾರ್ ಎಫೆಕ್ಟ್ ಮೂಲಕ ಹಾಯಿಸಿದ್ದಾರೆ.

ಹಾಗಾಗಿ ಬರೀ ಗಿಟಾರ್ ಸಾಲದು. ಕೀಬೋರ್ಡ್ ಬಿಡಬೇಡಿ, ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್‌ಗೆ ಹಚ್ಚಿ ನೋಡಿ. ರೆಡಿಮೇಡ್ ಬೀಟ್ ಮಾತ್ರ ಬೇಡ. ಡ್ರಮ್ ಕಿಟ್ ಇಲ್ಲದಿದ್ದರೆ ನಮ್ಮ ಹೋಳಿಯ ಜಗ್ಗಲಗಿ ಇದೆ ಅಲ್ವಾ? ಸ್ವಲ್ಪ ದೂರ ನಿಂತು ರೆಕಾರ್ಡ್ ಮಾಡಿ, ಮೊಬೈಲ್ ತೀರಾ ಹತ್ತಿರ ಹಿಡಿದರೆ ಸದ್ದು ಒಡೆಯುತ್ತದೆ. ಒಳ್ಳೆ ಏಟುಗಳನ್ನು ಆರಿಸಿ ಲೂಪ್ ಮಾಡಿ, ಗಿಟಾರ್ ಅದರ ಮೇಲೆ ಬರಲಿ.