ನೀಮೋ ಬರಲಿ, ನೀಲಿ ಟ್ಯಾಂಗ್ ಬೇಡ

ಪ್ರಶ್ನೆ: ಮೂರು ಅಡಿ ಉದ್ದದ ಟ್ಯಾಂಕಿಗೆ ಉಪ್ಪುನೀರು ಹಾಕಿಟ್ಟಿದ್ದೇವೆ. ಮಗಳಿಗೆ ನೀಮೋ, ನೀಲಿ ಟ್ಯಾಂಗ್, ಕಡಲಕುದುರೆ ಮೂರೂ ಬೇಕಂತೆ. ಒಂದೇ ದಿನ ಬಿಡಬಹುದಾ?
– ಓದುಗರು, ಬೆಟಗೇರಿ, ಗದಗ

ಉತ್ತರ: ಮಗಳ ಆಸೆ ಕೇಳಿ ಖುಷಿಯಾಯಿತು. ನೀಮೋ ಖಂಡಿತ ತನ್ನಿ. ಉಳಿದೆರಡು ಬೇಡ.

ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ ಸುಮಾರು ಒಂದು ಅಡಿ. ದಿನವಿಡೀ ಈಜುವ ಜಾತಿ ಅದು. ನಿಮ್ಮ ಟ್ಯಾಂಕಿನಲ್ಲಿ ನಾಲ್ಕು ಸಲ ಬಾಲ ಬಡಿದರೆ ಗಾಜು ಬರುತ್ತದೆ. ಹಾಗೆ ಇಕ್ಕಟ್ಟಿನಲ್ಲಿಟ್ಟರೆ ಸೊರಗುತ್ತದೆ, ಬಿಳಿ ಚುಕ್ಕಿ ರೋಗವೂ ಬೇಗ ಅಂಟುತ್ತದೆ. ಯಾವ ಮೀನೇ ಇರಲಿ, ಬೆಳೆದ ಮೇಲೆ ಎಷ್ಟು ಉದ್ದ ಆಗುತ್ತದೆ ಅಂತ ಕೇಳಿಯೇ ಕೊಳ್ಳಿ. ಕಡಲಕುದುರೆಗೆ ನಮ್ಮ ದೇಶದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಕೊಡುತ್ತೇನೆ ಅಂದರೂ ತರಬೇಡಿ.

ಇನ್ನು ನೀಮೋ, ಅಂದರೆ ಕ್ಲೌನ್‌ಫಿಶ್. ಧಾರವಾಡದ ನಮ್ಮ ಮನೆಯಲ್ಲಿರುವುದೂ ಇದೇ. ಸಮುದ್ರದಲ್ಲಿ ಹಿಡಿದದ್ದು ಬೇಡ, ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ. ಅದಕ್ಕೆ ಗಾಜಿನ ಬಾಳು ಗೊತ್ತಿರುತ್ತದೆ, ಒಣ ಆಹಾರವನ್ನೂ ತಿನ್ನುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ಮರಿ ಮಾಡುವ ವಿಧಾನವನ್ನು ನಮ್ಮಲ್ಲೇ ರೂಪಿಸಿದ್ದಾರೆ. ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು, ಹೀಗೆ ಎರಡು ಎಳೆಯ ಮರಿ ತನ್ನಿ. ಇವು ಮೊದಲು ಗಂಡಾಗಿರುತ್ತವೆ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಮಗಳಿಗೆ ಇದನ್ನು ಹೇಳಿ, ದಿನಾ ಕುತೂಹಲದಿಂದ ನೋಡುತ್ತಾಳೆ. ಸಮುದ್ರದಲ್ಲಿ ಇವು ಆಸರೆ ಪಡೆಯುವ ಹೂವಿನಂಥ ಜೀವಿ, ಅನಿಮೋನ್, ಬೇಕೇಬೇಕು ಅನ್ನುವುದು ಸುಳ್ಳು. ಅದಿಲ್ಲದೆಯೂ ಇವು ಆರಾಮಾಗಿರುತ್ತವೆ.

ನೀರು ಹಾಕಿ ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಬರುವ ವಿಷ, ಅಂದರೆ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಆಗುವ ಇನ್ನೊಂದು ವಿಷ ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಈ ಜೋಡಿಯನ್ನಷ್ಟೇ ಬಿಡಿ. ಕೆಲವು ವಾರ ಬಿಟ್ಟು ಒಂದು ಫೈರ್‌ಫಿಶ್ ಸೇರಿಸಬಹುದು. ಸಾಧು ಮೀನು, ಆದರೆ ಹಾರುತ್ತದೆ. ಟ್ಯಾಂಕಿನ ಮೇಲೆ ಜಾಳಿಗೆ ಹಾಕಿ. ಅಗ್ಗಕ್ಕೆ ಸಿಗುವ ಡ್ಯಾಮ್ಸೆಲ್‌ಗಳನ್ನು ಮಾತ್ರ ಸುಮ್ನೆ ತರಬೇಡಿ. ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸಿ ಕಚ್ಚುತ್ತವೆ.

ನಿಮ್ಮೂರಿನ ಬೇಸಿಗೆಯ ಬಗ್ಗೆ ನನಗೆ ಜಾಸ್ತಿ ಚಿಂತೆ. ನೀರು 28 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ನೀರಿನ ಮೇಲೆ ಸಣ್ಣ ಫ್ಯಾನ್ ಗಾಳಿ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಆಗ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಸಿಹಿನೀರು ಸೇರಿಸಿ. ಬೋರ್‌ವೆಲ್ ನೀರು ಬೇಡ, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳಿ. ಕರೆಂಟು ಹೋದಾಗ ಉಸಿರಾಟಕ್ಕೆ ತೊಂದರೆ ಆಗದಂತೆ ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇದನ್ನು ಮೀನಿಗಿಂತ ಮೊದಲೇ ಕೊಳ್ಳಿ.