ಸಂಜೆ ಐದಕ್ಕೆ ಬಂದವನಿಗೂ ಅದೇ ಕೂಲಿ ಅಂದ್ರೆ ಅನ್ಯಾಯ ಅಲ್ವಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಜೀವನಪೂರ್ತಿ ಕುಡಿದು ಮನೆಯವರನ್ನೆಲ್ಲ ಗೋಳು ಹೊಯ್ದುಕೊಂಡ ನಿಮ್ಮ ಮೈದುನ, ಕೊನೆಯ ತಿಂಗಳು ಆಸ್ಪತ್ರೆ ಹಾಸಿಗೆಯಲ್ಲಿ ಯೇಸುವನ್ನು ನಂಬಿದರು. ಮಣ್ಣು ಮಾಡುವ ದಿನ ಪಾಸ್ಟರ್ ಬೈಬಲಿನ ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಸಾಮ್ಯ, ಅಂದರೆ ಯೇಸು ಹೇಳಿದ ಕತೆ, ಓದಿದರು. 20 ವರ್ಷ ಚರ್ಚಿನ ಸಭೆ ತಪ್ಪಿಸದ, ಅವರ ವಾಂತಿಯನ್ನೂ ಬಳಿದ ನಿಮಗೂ ಅವರಿಗೂ ದೇವರ ಹತ್ತಿರ ಒಂದೇ ಕೂಲಿ ಅಂದರೆ ಇದ್ಯಾವ ನ್ಯಾಯ ಅಂತ ಕೇಳಿದ್ದೀರಿ.

ಕೂಲಿ ಲೆಕ್ಕದಲ್ಲಿ ನೋಡಿದರೆ ನ್ಯಾಯ ಅಲ್ಲವೇ ಅಲ್ಲ. ಮೊದಲೇ ಒಪ್ಪಿಬಿಡುತ್ತೇನೆ. ಆ ಕತೆಯಲ್ಲಿ ತೋಟದ ಯಜಮಾನ ಬೆಳಿಗ್ಗೆ ಆರಕ್ಕೆ ಬಂದ ಆಳಿಗೂ ಸಂಜೆ ಐದಕ್ಕೆ ಬಂದವನಿಗೂ ಕೊಟ್ಟಿದ್ದು ಒಂದೊಂದು ಬೆಳ್ಳಿ ನಾಣ್ಯ. ಯಾವ ಮೇಸ್ತ್ರಿಯಾದರೂ ಹೀಗೆ ಬಟವಾಡೆ ಮಾಡಲಿ ನೋಡೋಣ, ಮರುದಿನ ಎಲ್ಲರೂ ಸಂಜೆಯೇ ಬರುತ್ತಾರೆ!

ಆದರೆ ಈ ಕತೆ ಕೇಳಿದಾಗಲೆಲ್ಲ ನನಗೆ ಅಪ್ಪ ನೆನಪಾಗುತ್ತಾರೆ. ನಮ್ಮದು ಕೆಜಿಎಫ್. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಪ್ಪ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕೂಲಿ ಅಡ್ಡೆಯಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಮೇಸ್ತ್ರಿಗಳು ಬಂದು ಮೊದಲು ತೋಳು ನೋಡುತ್ತಾರೆ. ಗಟ್ಟಿಮುಟ್ಟಾದ ಹುಡುಗರು ಬೇಗನೆ ಟೆಂಪೋ ಹತ್ತಿಬಿಡುತ್ತಾರೆ. ಹತ್ತು ಗಂಟೆಗೂ ಅಲ್ಲೇ ಉಳಿಯುವವರು ವಯಸ್ಸಾದವರು, ಕೆಮ್ಮುವವರು, ಕಂಕುಳಲ್ಲಿ ಕೂಸಿರುವ ಹೆಂಗಸರು. ಅಪ್ಪನಿಗೆ ಆಗಲೇ ಐವತ್ತು ದಾಟಿತ್ತು. ಕೆಮ್ಮೂ ಇತ್ತು.

ಕೆಲಸ ಸಿಗದ ದಿನ ಅಪ್ಪ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ದುಡಿಯದೆ ತಿನ್ನೋದು ಹೇಗೆ ಅಂತ ಹಾಗೇ ವಾಪಸ್ ತರುತ್ತಿದ್ದರು. ರಾತ್ರಿ ನಾನೂ ತಂಗಿಯೂ ಆ ತಣ್ಣಗಿನ ಚಿತ್ರಾನ್ನಕ್ಕೆ ಕಿತ್ತಾಡುತ್ತಿದ್ದೆವು. ಡಬ್ಬಿ ಭಾರ ಇದ್ದರೆ ನಮಗೆ ಖುಷಿ. ಅದು ಯಾಕೆ ಭಾರ ಇರುತ್ತಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಈಗ ಸಾಮ್ಯ ಇನ್ನೊಂದು ಸಲ ಓದಿ. ಐದು ಗಂಟೆಗೂ ಬೀದಿಯಲ್ಲಿದ್ದವರನ್ನು ಯಜಮಾನ "ದಿನವೆಲ್ಲಾ ಯಾಕೆ ಇಲ್ಲಿ ಸುಮ್ನೆ ನಿಂತಿದ್ದೀರಿ" ಅಂತ ಕೇಳುತ್ತಾನೆ. "ನಮ್ಮನ್ನು ಯಾರೂ ಕರೆಯಲಿಲ್ಲ" ಅಂತಾರೆ. ಅಷ್ಟೇ. ಸೋಮಾರಿಗಳು ಅಂತ ಎಲ್ಲೂ ಇಲ್ಲ, ಚರ್ಚಿನಲ್ಲಿ ಪ್ರಸಂಗ ಮಾಡುವಾಗ ಅವರನ್ನು ಹಾಗೆ ಮಾಡಿದ್ದು ನಾವು. ತೋಟದಲ್ಲಿದ್ದವರಿಗೆ ಮೈಕೈ ನೋವಿತ್ತು, ನಿಜ. ಆದರೆ ರಾತ್ರಿ ಮಕ್ಕಳ ಊಟಕ್ಕೆ ದಾರಿಯಾಯಿತು ಅಂತ ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಬೀದಿಯಲ್ಲಿ ನಿಂತವನಿಗೆ ಆ ಧೈರ್ಯವೂ ಇಲ್ಲ.

ಆ ಬೆಳ್ಳಿ ನಾಣ್ಯ ಅಂದರೆ ಆಗಿನ ಒಂದು ದಿನದ ಕೂಲಿ. ಹಗಲಿಗೆ ಹನ್ನೆರಡು ತಾಸು ಲೆಕ್ಕ. ಒಂದು ತಾಸು ದುಡಿದವನಿಗೆ ಹನ್ನೆರಡರಲ್ಲಿ ಒಂದು ಪಾಲು ಸಲ್ಲಬೇಕು, ಸರಿ. ಮನೆಯಲ್ಲಿ ಅವನ ಮಕ್ಕಳ ಹಸಿವೂ ಹನ್ನೆರಡರಲ್ಲಿ ಒಂದು ಪಾಲು ಇರುತ್ತಾ? ಕೂಲಿಯವನು ಬಡವ, ಆ ದುಡ್ಡನ್ನೇ ನೆಚ್ಚಿಕೊಂಡಿರುತ್ತಾನೆ, ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು ಅಂತ ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24ರಲ್ಲಿದೆ. ಈ ಯಜಮಾನ ಸಂಜೆಯೇ ಎಲ್ಲರನ್ನೂ ಕರೆಸಿ ಕೊಟ್ಟಿದ್ದು ಅದಕ್ಕೇ.

ನಮ್ಮಪ್ಪನಿಗೂ ನಿಮ್ಮ ಮೈದುನನಿಗೂ ಹೋಲಿಕೆ ಪೂರ್ತಿ ಕೂಡಲ್ಲ, ಗೊತ್ತು. ಅವರು ಕೈಯಾರೆ ಹಾಳು ಮಾಡಿಕೊಂಡರು. ಆದರೆ ನಡುರಾತ್ರಿ ಎದ್ದು, ಕೈ ನಡುಗಿಸುತ್ತಾ ಹೊಸ್ತಿಲ ಮೇಲೆ ಕೂತಿರುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ತೋಟದ ಹೊರಗೆ ಕಳೆದ ಆ ವರ್ಷಗಳನ್ನು ರಜಾ ಅನ್ನೋಕಾಗುತ್ತಾ?

ಅಂದ ಹಾಗೆ, ಈ ಕತೆಗೆ ಕಾರಣ ಯೇಸುವಿನ ಶಿಷ್ಯ ಪೇತ್ರ. ಮತ್ತಾಯದಲ್ಲೇ ಹಿಂದಿನ ಅಧ್ಯಾಯದ 27ನೇ ವಚನ ನೋಡಿ. ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತೆ ಅಂತ ಯೇಸುವನ್ನು ಕೇಳುತ್ತಾನೆ. ನೀವು ಕೇಳಿದ್ದೂ ಅದನ್ನೇ. ನಾನೂ ಕೇಳಿದ್ದೇನೆ. 15 ವರ್ಷ ಸಂಡೇ ಸ್ಕೂಲ್ ನಡೆಸಿದವನು ನಾನು, ಮೊನ್ನೆ ಮೊನ್ನೆ ಬಂದವರೊಬ್ಬರಿಗೆ ಸಭೆಯಲ್ಲಿ ಶಾಲು ಹೊದಿಸಿದರು. ಆ ವಾರ ನನಗೆ ಪ್ರಾರ್ಥನೆಯೇ ಬರಲಿಲ್ಲ. ಅದೂ ಪಾಲಿಯೆಸ್ಟರ್ ಶಾಲು!

ಹಾಗಾಗಿ ಕೋಪ ಬಂತು ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಆ ಆಳುಗಳೂ ಯಜಮಾನನ ಮುಂದೆಯೇ ಗೊಣಗಿದರು. ಹಗಲೆಲ್ಲ ಬಿಸಿಲಲ್ಲಿ ಬೆಂದ ನಮಗೂ ಇವರಿಗೂ ಒಂದೇ ಮಾಡಿಬಿಟ್ಟೆಯಲ್ಲ ಅಂದರು. ಅವನು ಕೇಳಿಸಿಕೊಂಡ. ಒಬ್ಬನನ್ನು "ಗೆಳೆಯಾ" ಅಂತ ಕರೆದು ಉತ್ತರ ಕೊಟ್ಟ. ಉತ್ತರ ಸ್ವಲ್ಪ ಖಾರವಾಗಿಯೇ ಇದೆ, ಹೊಟ್ಟೆಕಿಚ್ಚಾ ನಿನಗೆ ಅಂತ ಕೇಳಿಬಿಡುತ್ತಾನೆ. ಆದರೂ ನಿಂತು ಮಾತಾಡಿದನಲ್ಲ. ನೀವೂ ಇವತ್ತು ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲ ಲೆಕ್ಕ ದೇವರ ಮುಂದೆ ಜೋರಾಗಿಯೇ ಒಪ್ಪಿಸಿಬಿಡಿ, ಬಳಿದ ವಾಂತಿಯ ಲೆಕ್ಕವೂ ಸೇರಿ.